ಹೊಸ ಬ್ಯಾಕ್ಟೀರಿಯಾಕ್ಕೆ ಹೆಸರಿಡಲು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಹೆಸರಿಡುವ ಯೋಗ ನನಗೆ ಬರಲಿಲ್ಲ. ಮೂರೂವರೆ ವರ್ಷ ಓಡಾಡಿ, ಕೈಯಿಂದ ದುಡ್ಡು ಹಾಕಿ, ಕಳೆದ ತಿಂಗಳು ಆ ಫೈಲನ್ನು ಕಪಾಟಿಗೆ ಸೇರಿಸಿದೆ. ನನ್ನ ಹಾಗೆ ಲ್ಯಾಬಿನಲ್ಲಿ ಕೂತು "ಇದೇನೋ ಬೇರೆ ಥರ ಇದೆಯಲ್ಲ" ಅಂದುಕೊಳ್ಳುತ್ತಿರುವ ಪಿಜಿ ಮಕ್ಕಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನಾನು ಎಡವಿದ ಕಲ್ಲುಗಳು ಎಲ್ಲೆಲ್ಲಿವೆ ಅಂತ ನಿಮಗಾದರೂ ಗೊತ್ತಿರಲಿ.

ಶುರುವಾಗಿದ್ದು 2019ರ ಅಕ್ಟೋಬರ್‌ನಲ್ಲಿ. ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿದ್ದೇನೆ. ಶನಿವಾರ ಸರ್ಜರಿಯಿಂದ ಒಂದು ಪಸ್ ಸ್ಯಾಂಪಲ್ ಬಂತು. ಮಗುವಿಗೆ ಹಾಲು ಬಿಡಿಸಿ ಒಂದು ವರ್ಷವಾಗಿದ್ದ ತಾಯಿಯೊಬ್ಬರ ಸ್ತನದ ಗಂಟಿನಿಂದ ತೆಗೆದದ್ದು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಾಕಿ ಇನ್‌ಕ್ಯುಬೇಟರ್‌ನಲ್ಲಿಟ್ಟೆವು. ಸಾಮಾನ್ಯವಾಗಿ 48 ಗಂಟೆ ಕಾದು, ಏನೂ ಬರದಿದ್ದರೆ "ನೋ ಗ್ರೋತ್" ಅಂತ ಬರೆದು ಪ್ಲೇಟ್ ಬಿಸಾಡುತ್ತೇವೆ. ಆದರೆ ಸೋಮವಾರ ಆಯುಧಪೂಜೆ, ಮಂಗಳವಾರ ವಿಜಯದಶಮಿ. ಇನ್‌ಕ್ಯುಬೇಟರ್ ಬಾಗಿಲಿಗೆ ಕುಂಕುಮ ಹಚ್ಚಿ, ಹಿಡಿಕೆಗೆ ಚೆಂಡುಹೂವು ಸಿಕ್ಕಿಸಿ ಎಲ್ಲರೂ ಮನೆಗೆ ಹೋಗಿದ್ದರು. ಒಳಗಿದ್ದ ಪ್ಲೇಟ್ ಯಾರಿಗೂ ನೆನಪಾಗಲಿಲ್ಲ.

ಬುಧವಾರ ಬಾಗಿಲು ತೆಗೆದಾಗ ಬೆಳೆದಿತ್ತು. ಬೆಳೆದಿತ್ತು ಅನ್ನುವುದೂ ಜಾಸ್ತಿಯೇ. ಪ್ಲೇಟನ್ನು ಓರೆ ಮಾಡಿ ಟ್ಯೂಬ್‌ಲೈಟಿಗೆ ಹಿಡಿದರೆ ಮಾತ್ರ ಕಾಣುವಂಥ, ರಾಗಿಹಿಟ್ಟು ಉದುರಿಸಿದಂಥ ಬೂದು ಚುಕ್ಕೆಗಳು. ಗ್ರಾಂ ಸ್ಟೇನ್ ಮಾಡಿದರೆ ನೇರಳೆ ಬಣ್ಣದ ಕಡ್ಡಿಗಳು, ಒಂದಕ್ಕೊಂದು ಕೋನದಲ್ಲಿ ಬಿದ್ದಿದ್ದವು. ಡಿಫ್ತೀರಾಯ್ಡ್ ಅಂತ ನಾವು ಕರೆಯುವ ಗುಂಪು. ಚರ್ಮದ ಮೇಲೆ ಎಲ್ಲರಿಗೂ ಇರುವಂಥದ್ದು. ಇಂಥದ್ದು ಬಂದರೆ "ಕಂಟ್ಯಾಮಿನೆಂಟ್", ಅಂದರೆ ಹೊರಗಿನಿಂದ ಸೇರಿಕೊಂಡದ್ದು ಅಂತ ಬರೆದು ಮುಂದೆ ಹೋಗುವುದು ವಾಡಿಕೆ. ನಾನೂ ಪೆನ್ ತೆಗೆದಿದ್ದೆ.

ನಮ್ಮ ಹಿರಿಯ ಟೆಕ್ನಿಶಿಯನ್‌ರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಅವರು ಹಿಂದೆ ನಿಂತು ನೋಡಿ ಹೇಳಿದರು: "ಮೇಡಂ, ಇದು ಮೊದಲೂ ಬಂದಿತ್ರಿ. ಇಂಥದೇ ಪಸ್‌ನಾಗ. ಎರಡು ಸಲ."

ರಿಜಿಸ್ಟರ್ ತೆಗೆದು ನೋಡಿದರೆ ನಿಜ. ಎರಡೂ ಸ್ತನದ ಪಸ್. ಎರಡಕ್ಕೂ "ಕಂಟ್ಯಾಮಿನೆಂಟ್" ಅಂತ ಬರೆದು ಸಹಿ ಹಾಕಿದ್ದವಳು ನಾನೇ.

ಆ ರಾತ್ರಿ ಓದಲು ಕೂತೆ. ಈ ಡಿಫ್ತೀರಾಯ್ಡ್ ಗುಂಪಿನಲ್ಲೇ ಕೊರಿನೆಬ್ಯಾಕ್ಟೀರಿಯಂ ಕ್ರೋಪೆನ್‌ಸ್ಟೆಟಿ ಅಂತ ಒಂದು ಪ್ರಭೇದ ಇದೆ. 1998ರಲ್ಲಿ ಹೆಸರಾದದ್ದು, 82 ವರ್ಷದ ಮಹಿಳೆಯೊಬ್ಬರ ಕಫದಲ್ಲಿ ಸಿಕ್ಕಿದ್ದು. ಆಮೇಲೆ ನ್ಯೂಜಿಲೆಂಡಿನವರು ಇದೇ ಗುಂಪಿನ ಬ್ಯಾಕ್ಟೀರಿಯಾಕ್ಕೂ ಗ್ರ್ಯಾನ್ಯುಲೊಮಾಟಸ್ ಮ್ಯಾಸ್ಟೈಟಿಸ್ ಅನ್ನುವ ಸ್ತನದ ಉರಿಯೂತಕ್ಕೂ ನಂಟಿದೆ ಅಂತ ತೋರಿಸಿದ್ದರು. ಈ ಕಾಯಿಲೆ ಮೈಕ್ರೋಸ್ಕೋಪಿನಲ್ಲಿ ಟಿಬಿಯ ಹಾಗೇ ಕಾಣುತ್ತದೆ. ಬೆಳಿಗ್ಗೆ ಸರ್ಜನ್‌ಗೆ ಫೋನ್ ಮಾಡಿದೆ. ಆ ತಾಯಿ ಬೇರೆ ಕಡೆಯಿಂದ ಬಂದವರು, ಅದಾಗಲೇ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿದ್ದರು. ಟಿಬಿ ಟೆಸ್ಟ್ ಒಂದರಲ್ಲೂ ಪಾಸಿಟಿವ್ ಬಂದಿರಲಿಲ್ಲ. ಬಯಾಪ್ಸಿ ಮತ್ತೆ ನೋಡಿಸಿದಾಗ ಕೊಬ್ಬು ಕರಗಿ ಆದ ಸಣ್ಣ ತೂತುಗಳ ಒಳಗೆ ಕಡ್ಡಿಗಳು ಕೂತಿದ್ದವು. ಕೊಬ್ಬಿನೊಳಗೆ ಸರಿಯಾಗಿ ಇಳಿಯುವ ಔಷಧಿ ಬೇಕು ಅಂತ ಡಾಕ್ಸಿಸೈಕ್ಲಿನ್‌ಗೆ ಬದಲಾಯಿಸಿದರು. ವಾಸಿಯಾಗಲು ತಿಂಗಳುಗಳೇ ಹಿಡಿದವು, ಆದರೆ ವಾಸಿಯಾಯಿತು. ಮುಂದಿನ ಕಥೆ ಏನೇ ಆಗಲಿ, ಇದೊಂದು ಆಯಿತಲ್ಲ ಅಂತ ನನಗೆ ಸಮಾಧಾನ.

ಈ ಬ್ಯಾಕ್ಟೀರಿಯಾಕ್ಕೆ ಕೊಬ್ಬು ಅಂದರೆ ಪ್ರಾಣ. ಮಾಮೂಲಿ ಬ್ಲಡ್ ಅಗಾರ್ ಮೇಲೆ ನಾಲ್ಕು ದಿನ ಸತಾಯಿಸಿದ್ದು, ಟ್ವೀನ್ 80 ಅನ್ನುವ, ಕೊಬ್ಬಿನಾಮ್ಲ ಇರುವ ದ್ರವ ಸೇರಿಸಿದ ಪ್ಲೇಟಿನಲ್ಲಿ ಎರಡೇ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯಿತು. ನಮ್ಮ ಪಿಜಿ ಹುಡುಗಿ ನೋಡಿ, "ಮೇಡಂ, ದಾವಣಗೆರೆದೇ ಇದು. ಬೆಣ್ಣೆ ಹಾಕದೆ ಏಳಲ್ಲ" ಅಂದಳು. ಅಂದಿನಿಂದ ಲ್ಯಾಬಿನಲ್ಲಿ ಅದರ ಹೆಸರು ಬೆಣ್ಣೆದೋಸೆ. ಫ್ರೀಜರ್ ಬಾಕ್ಸಿನ ಮೇಲೆ ಇಂದಿಗೂ ಹಾಗೇ ಬರೆದಿದೆ.

ಗುರುತು ಹಚ್ಚುವ ಮ್ಯಾಲ್ಡಿ-ಟಾಫ್ ಯಂತ್ರ ನಮ್ಮಲ್ಲಿಲ್ಲ. ಬೆಂಗಳೂರಿಗೆ ಕಳಿಸಿದೆವು. ಕ್ರೋಪೆನ್‌ಸ್ಟೆಟಿ ಅಂತಲೇ ಬಂತು, ಆದರೆ ಸ್ಕೋರ್ 1.8. ಆ ಯಂತ್ರದಲ್ಲಿ 2ರ ಮೇಲೆ ಬಂದರೆ ಪ್ರಭೇದದ ಹೆಸರು ನಂಬಬಹುದು. 1.7ರಿಂದ 2ರ ನಡುವೆ ಬಂದರೆ ಕುಲ ಮಾತ್ರ ಗ್ಯಾರಂಟಿ. ಎಷ್ಟೋ ಲ್ಯಾಬ್‌ಗಳಲ್ಲಿ ಸ್ಕೋರ್ ನೋಡದೆ ಮೇಲಿನ ಹೆಸರನ್ನು ಮಾತ್ರ ಬರೆದುಕೊಳ್ಳುತ್ತಾರೆ. ದಯವಿಟ್ಟು ಸ್ಕೋರ್ ಕೇಳಿ ಪಡೆಯಿರಿ. ನನ್ನ ಅನುಮಾನ ಶುರುವಾಗಿದ್ದೇ ಆ 1.8ರಿಂದ. ಇನ್ನೊಂದು ಮಾತು. ಗಂಟಲಮಾರಿ (ಡಿಫ್ತೀರಿಯಾ) ತರುವುದೂ ಇದೇ ಕುಲ, ಹಾಗಾಗಿ ಕೊರಿನೆಬ್ಯಾಕ್ಟೀರಿಯಂ ಏನೇ ವಿಚಿತ್ರ ಸಿಕ್ಕರೂ ಮೊದಲು ಗಂಟಲಮಾರಿ ವಿಷದ ಜೀನ್ ಇಲ್ಲ ಅಂತ ಪಿಸಿಆರ್ ಮಾಡಿ ಖಾತ್ರಿ ಮಾಡಿಕೊಳ್ಳಿ, ಹೊಸತೋ ಹಳತೋ ಆಮೇಲೆ ನೋಡೋಣ.

ಗ್ಲಿಸರಾಲ್‌ನಲ್ಲಿ ಹಾಕಿ ಮೈನಸ್ 80ರ ಫ್ರೀಜರಿಗೆ ಸೇರಿಸಿದೆವು. ಒಂದೇ ಐಸೊಲೇಟ್ (ಒಬ್ಬ ರೋಗಿಯಿಂದ ಬೇರ್ಪಡಿಸಿ ಬೆಳೆಸಿದ್ದು) ಇಟ್ಟುಕೊಂಡು ಹೊಸ ಪ್ರಭೇದ ಅಂದರೆ ಯಾರೂ ಅಷ್ಟಾಗಿ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ನಾನು ಎಸೆದಿದ್ದ ಆ ಎರಡಕ್ಕೆ ಹುಡುಕಾಟ ಶುರುವಾಯಿತು. ಅದೃಷ್ಟಕ್ಕೆ ಹಳೆಯ ಪಿಜಿ ಒಬ್ಬ ಸ್ತನದ ಬಾವಿನ ಮೇಲೆ ಥೀಸಿಸ್ ಮಾಡಿ ಬೆಳೆದದ್ದನ್ನೆಲ್ಲ ಎತ್ತಿಟ್ಟಿದ್ದ. ಬಾಕ್ಸ್ ಸಿಕ್ಕಿತು, ಲೇಬಲ್‌ಗಳ ಶಾಯಿ ಅಳಿಸಿತ್ತು. ಅಣ್ಣ ಮತ್ತು ನಾನು ಎರಡು ಮಧ್ಯಾಹ್ನ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನಂಬರ್ ಓದಿದೆವು. ಎರಡರಲ್ಲಿ ಒಂದು ಮಾತ್ರ ಜೀವ ಹಿಡಿದಿತ್ತು.

ಆಮೇಲೆ 2020ರ ಮಾರ್ಚ್. ಹೇಳಬೇಕಾಗಿಲ್ಲ ಅಲ್ವಾ? ಇಡೀ ಲ್ಯಾಬ್ ಕೋವಿಡ್ ಪಿಸಿಆರ್‌ಗೆ ತಿರುಗಿತು. ಒಂದು ವರ್ಷ ಬೆಣ್ಣೆದೋಸೆ ಫ್ರೀಜರ್‌ನಲ್ಲಿ ಮಲಗಿತ್ತು.

2021ರ ಬೇಸಿಗೆಯ ನಂತರ ಮತ್ತೆ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಇನ್ನೊಬ್ಬ ರೋಗಿಯಿಂದ ಮೂರನೆಯದು ಬಂದಿತ್ತು. ಮೊದಲ ಮೆಟ್ಟಿಲು 16ಎಸ್ ಜೀನ್, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ, ಗುರುತು ಹಿಡಿಯಲು ಓದಿಸುವ ಜೀನ್, ಡಿಎನ್‌ಎಯ ಸುಮಾರು 1,500 ಅಕ್ಷರದ್ದು. ಗೊತ್ತಿರುವ ಅತಿ ಹತ್ತಿರದ ಪ್ರಭೇದದ ಜೊತೆ ಹೋಲಿಕೆ 98.65%ಗಿಂತ ಕಡಿಮೆ ಬಂದರೆ ಹೊಸದಿರಬಹುದು ಅನ್ನುವುದು ಈಗ ಎಲ್ಲರೂ ಬಳಸುವ ಲೆಕ್ಕ. ಹಳೆಯ ಪುಸ್ತಕಗಳಲ್ಲಿ 97 ಅಂತ ಇರುತ್ತದೆ, ಅದನ್ನು ಹಿಡಿದುಕೊಂಡು ಕೂರಬೇಡಿ. ಒಂದು ಐಸೊಲೇಟಿಗೆ ನನಗೆ ಬಿದ್ದದ್ದು 700 ರೂಪಾಯಿ. ಮೊದಲ ಸಲ ಗ್ರಾಫ್ ಬಂದಾಗ ಒಂದರ ಮೇಲೊಂದು ಗೆರೆ ಹತ್ತಿ ಕಲಸುಮೇಲೋಗರ. ನಮ್ಮ ಪ್ಲೇಟಿನಲ್ಲಿ ಇನ್ಯಾವುದೋ ಸೇರಿಕೊಂಡಿತ್ತು. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾದ ಕಷ್ಟ ಇದೇ, ಪಕ್ಕದ ಸ್ಟ್ಯಾಫಿಲೊಕಾಕಸ್ ಓಡಿ ಬಂದು ಜಾಗ ಹಿಡಿದುಬಿಡುತ್ತದೆ. ಒಂದೇ ಕಾಲೊನಿಯಿಂದ ಮೂರು ಸಲ ಗೀರಿ ಶುದ್ಧ ಮಾಡಿ, ಮತ್ತೆ ಗ್ರಾಂ ಸ್ಟೇನ್ ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ.

ಎರಡನೇ ಸಲ ಸರಿಯಾಗಿ ಬಂತು, ಆದರೆ ಉತ್ತರ ಸರಿಯಾಗಿ ಬರಲಿಲ್ಲ. ಹೌದು ಅನ್ನಲೂ ಆಗದ, ಅಲ್ಲ ಅನ್ನಲೂ ಆಗದ ಸಂಖ್ಯೆ. ಕೊರಿನೆಬ್ಯಾಕ್ಟೀರಿಯಂಗಳಲ್ಲಿ 16ಎಸ್ ಒಂದನ್ನೇ ನಂಬುವ ಹಾಗಿಲ್ಲ, ಆರ್‌ಪಿಒಬಿ ಜೀನ್ ಇನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ. ಅದನ್ನೂ ಓದಿಸಿದೆ. ಅನುಮಾನ ಗಟ್ಟಿಯಾಯಿತು. ಇನ್ನು ಉಳಿದದ್ದು ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಓದಿಸುವುದು.

ಒಂದಕ್ಕೆ 12,000 ರೂಪಾಯಿ. ಮೊದಲನೆಯದಕ್ಕೆ ನನ್ನ ಸಂಬಳದಿಂದ ಕೊಟ್ಟೆ. ಆಮೇಲೆ ಕಾಲೇಜಿನ ಸಣ್ಣ ಗ್ರಾಂಟ್ 75,000 ಸಿಕ್ಕಿತು. ದುಡ್ಡಿಗಿಂತ ಸತಾಯಿಸಿದ್ದು ಡಿಎನ್‌ಎ ತೆಗೆಯುವ ಕೆಲಸ. ಈ ಗುಂಪಿನ ಜೀವಕೋಶದ ಗೋಡೆ ತುಂಬಾ ಗಟ್ಟಿ. ಮಾಮೂಲಿ ಕಿಟ್‌ನಲ್ಲಿ ಏನೂ ಬರುವುದಿಲ್ಲ. ಸೀಕ್ವೆನ್ಸಿಂಗ್ ಮಾಡುವವರಿಂದ ಮೂರು ಸಲ "ಕ್ಯೂಸಿ ಫೇಲ್" (ಗುಣಮಟ್ಟ ಸಾಲದು) ಅಂತ ಮೇಲ್ ಬಂತು. ಗೋಡೆ ಕರಗಿಸುವ ಲೈಸೊಜೈಮ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಗಾಜಿನ ಮಣಿ ಹಾಕಿ ಕುಲುಕಿದ ಮೇಲೆ ನಾಲ್ಕನೇ ಸಲ ಪಾಸ್. ಅಕ್ಕಿ ಉದ್ದು ನೆನೆಹಾಕಿ ರುಬ್ಬಿದ ಹಾಗೇ, ನೆನೆಸದೆ ರುಬ್ಬಲು ಹೋಗಿದ್ದು ನಮ್ಮ ತಪ್ಪು.

ಜೀನೋಮ್ ಬಂದ ಮೇಲೆ ಕೆಲಸ ಕಂಪ್ಯೂಟರಿನದ್ದು, ಅದಕ್ಕೆ ಖರ್ಚಿಲ್ಲ. ಎರಡು ಸಂಖ್ಯೆ ಮುಖ್ಯ. ಎಎನ್‌ಐ ಅಂದರೆ ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ. 95-96%ಗಿಂತ ಕೆಳಗಿದ್ದರೆ ಬೇರೆ ಪ್ರಭೇದ. ಇನ್ನೊಂದು ಡಿಜಿಟಲ್ ಡಿಡಿಎಚ್, ಡಿಎನ್‌ಎ ಹೋಲಿಕೆಯನ್ನು ಕಂಪ್ಯೂಟರಿನಲ್ಲಿ ಬೇರೆ ಥರ ಅಳೆಯುವ ಲೆಕ್ಕ, ಅದರ ಗಡಿ 70%. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿರುವ ಡಿಎಸ್‌ಎಂಝಡ್ ಸಂಸ್ಥೆಯವರ ಟಿವೈಜಿಎಸ್ ಅನ್ನುವ ಸರ್ವರ್ ಇದೆ. ಜೀನೋಮ್ ಹಾಕಿದರೆ ತನ್ನಲ್ಲಿರುವ ಟೈಪ್ ಸ್ಟ್ರೈನ್‌ಗಳ ಜೊತೆ ತಾನೇ ಹೋಲಿಸಿ ಕೊಡುತ್ತದೆ. ಟೈಪ್ ಸ್ಟ್ರೈನ್ ಅಂದರೆ ಆ ಪ್ರಭೇದದ ಹೆಸರು ಕಟ್ಟಿಕೊಂಡಿರುವ ಮೂಲ ತಳಿ. ಕ್ರೋಪೆನ್‌ಸ್ಟೆಟಿಯದ್ದು ಡಿಎಸ್‌ಎಂ 44385, ಜೀನೋಮ್ ಸುಮಾರು 24 ಲಕ್ಷ ಅಕ್ಷರ. ನಮ್ಮದನ್ನು ಸರ್ವರಿಗೆ ಹಾಕಿ ಮಲಗಿದ್ದೆ. ರಾತ್ರಿ ಒಂದೂವರೆಗೆ ಎಚ್ಚರವಾಗಿ ಫೋನ್ ನೋಡಿದರೆ ಮೇಲ್ ಬಂದಿತ್ತು. ಡಿಡಿಎಚ್ ಗಡಿಗಿಂತ ಕೆಳಗೆ. ಪಕ್ಕದಲ್ಲಿ "ಹೊಸ ಪ್ರಭೇದ ಇರಬಹುದು" ಅನ್ನುವ ಷರಾ.

"ರೀ, ಏಳ್ರೀ" ಅಂತ ಯಜಮಾನರನ್ನು ಎಬ್ಬಿಸಿದೆ. "ಕರೆಂಟ್ ಹೋಯ್ತಾ?" ಅಂದರು. ಇಲ್ಲ, ಹೊಸ ಬ್ಯಾಕ್ಟೀರಿಯಾ ಸಿಕ್ಕಿದೆ ಅಂದೆ. "ಮನೇಲಾ?" ಅಂತ ಕೇಳಿ ಮಗ್ಗುಲು ಬದಲಿಸಿದರು.

ವಿಜ್ಞಾನ ಅಲ್ಲಿಗೆ ಹೆಚ್ಚುಕಡಿಮೆ ಮುಗಿದಿತ್ತು. ನನ್ನ ಸಮಯ ತಿಂದದ್ದು ಅದರ ನಂತರದ್ದು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬ್ಯಾಕ್ಟೀರಿಯಾಗಳ ಹೆಸರಿಗೆ ಅಂತಾರಾಷ್ಟ್ರೀಯ ಸಂಹಿತೆ ಇದೆ. ಅದರ ಪ್ರಕಾರ ಟೈಪ್ ಸ್ಟ್ರೈನನ್ನು ಎರಡು ಬೇರೆ ಬೇರೆ ದೇಶಗಳ ಕಲ್ಚರ್ ಕಲೆಕ್ಷನ್‌ಗಳಲ್ಲಿ, ಅಂದರೆ ಜೀವಂತ ತಳಿ ಕಾದಿಡುವ ಸಂಸ್ಥೆಗಳಲ್ಲಿ ಇಡಬೇಕು. ಯಾರು ಕೇಳಿದರೂ ಅವರು ಕೊಡುವಂತಿರಬೇಕು. ನಮ್ಮ ದೇಶದ್ದು ಅಂದರೆ ಪುಣೆಯ ಎಂಸಿಸಿ ಅಥವಾ ಚಂಡೀಗಢದ ಎಂಟಿಸಿಸಿ. ಹೊರಗಿನದ್ದು ಜರ್ಮನಿ, ಜಪಾನ್, ಕೊರಿಯಾ, ಸ್ವೀಡನ್ ಯಾವುದಾದರೂ ಸರಿ. ಆದರೆ ಬ್ಯಾಕ್ಟೀರಿಯಾ ನಮ್ಮ ಜೀವವೈವಿಧ್ಯ ಕಾಯ್ದೆ, 2002ರ ಕೆಳಗೆ ಬರುತ್ತದೆ. ಹೊರಗೆ ಕಳಿಸಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಕೊಳ್ಳಬೇಕು. ಇದರ ಮೇಲೆ ಕಾಲೇಜಿನ ಎಥಿಕ್ಸ್ ಕಮಿಟಿ, ಬಯೋಸೇಫ್ಟಿ ಕಮಿಟಿ. ಎಥಿಕ್ಸ್‌ನವರು ಕೇಳಿದ ಮೊದಲ ಪ್ರಶ್ನೆ, "ರೋಗಿಯ ಒಪ್ಪಿಗೆ ಎಲ್ಲಿ?" ಉಳಿದ ಸ್ಯಾಂಪಲ್, ಹೆಸರು ಅಳಿಸಿದ್ದೇವೆ ಅಂತ ವಿವರಿಸಿ, ವಿನಾಯಿತಿ ಅರ್ಜಿ ಹಾಕಿ, ಮುಂದಿನ ಮೀಟಿಂಗಿಗೆ ಎರಡು ತಿಂಗಳು ಕಾದು, ಕೋರಂ ಇಲ್ಲ ಅಂತ ಮುಂದೂಡಿಸಿಕೊಂಡು... ಅನುಮಾನ ಬಂದ ದಿನವೇ ಈ ಅರ್ಜಿ ಹಾಕಿಬಿಡಿ. ಹೊಸದಲ್ಲ ಅಂತಾದರೆ ವಾಪಸ್ ತೆಗೆದುಕೊಂಡರಾಯಿತು. ನಾನು ಜೀನೋಮ್ ಬರಲಿ ಅಂತ ಕಾದೆ. ಅಲ್ಲೇ ಆರು ತಿಂಗಳು ಹೋಯಿತು.

ಪುಣೆಗೆ ಮೊದಲು ಕಳಿಸಿದೆ. ಮೂರು ಪದರದ ಪ್ಯಾಕಿಂಗ್, ಹೊರಗೆ ಯುಎನ್ 3373 ಅನ್ನುವ ವಜ್ರಾಕಾರದ ಲೇಬಲ್. ನಮ್ಮೂರಿನ ಕೊರಿಯರ್ ಅಂಗಡಿಯವನು ಲೇಬಲ್ ನೋಡಿ ಮುಟ್ಟಲೇ ಇಲ್ಲ. ಕೊನೆಗೆ ಇಂಥದ್ದನ್ನು ಸಾಗಿಸುವವರನ್ನು ಹುಡುಕಿ ಬೆಂಗಳೂರಿನಿಂದ ಕಳಿಸಬೇಕಾಯಿತು. ಮೂರು ವಾರಕ್ಕೆ ಉತ್ತರ ಬಂತು: ಬೆಳೆಯಲಿಲ್ಲ. ನಾನು ಕುಸಿದು ಕೂತೆ. ಕಳಿಸಿದ ಫಾರ್ಮ್ ಮತ್ತೆ ಓದಿದರೆ ತಪ್ಪು ನನ್ನದೇ. ಮೀಡಿಯಂ ಅನ್ನುವ ಕಡೆ "ಬ್ಲಡ್ ಅಗಾರ್" ಅಂತ ಮಾತ್ರ ಬರೆದಿದ್ದೆ, ಟ್ವೀನ್ 80 ಬಿಟ್ಟುಹೋಗಿತ್ತು. ಲ್ಯಾಬ್ ತುಂಬಾ ಬೆಣ್ಣೆದೋಸೆ ಅಂತ ಕೂಗಿಕೊಂಡು, ಬೆಣ್ಣೆ ಹಾಕಿ ಅಂತ ಹೇಳುವುದನ್ನೇ ಮರೆತಿದ್ದೆ! ಎರಡನೇ ಸಲ ಬೆಳೆಯಿತು, ನಂಬರ್ ಸಿಕ್ಕಿತು.

ಇತ್ತ ಕ್ರೋಪೆನ್‌ಸ್ಟೆಟಿಯ ಟೈಪ್ ಸ್ಟ್ರೈನ್ ತರಿಸಬೇಕಿತ್ತು. ಕಂಪ್ಯೂಟರ್ ಹೋಲಿಕೆ ಸಾಲದು, ಹೊಸದು ಅಂತ ಬರೆಯಬೇಕಾದರೆ ಹತ್ತಿರದ ಪ್ರಭೇದದ ಮೂಲ ತಳಿಯನ್ನು ನಿಮ್ಮದೇ ಲ್ಯಾಬಿನಲ್ಲಿ, ಅದೇ ಪ್ಲೇಟಿನಲ್ಲಿ, ಅದೇ ದಿನ ಬೆಳೆಸಿ ಹೋಲಿಸಬೇಕು. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ 42,000 ರೂಪಾಯಿ. ಒಂದು ಹೆಬ್ಬೆರಳು ಗಾತ್ರದ ಗಾಜಿನ ಟ್ಯೂಬ್, ಒಳಗೆ ಚಿಟಿಕೆ ಬಿಳಿಪುಡಿ. ವಿಮಾನ ನಿಲ್ದಾಣದಲ್ಲಿ ಒಂದು ಕಾಗದ ಕಡಿಮೆ ಇದೆ ಅಂತ 11 ದಿನ ನಿಂತಿತ್ತು. ಒಣಗಿಸಿದ ಪುಡಿಯಾದ್ದರಿಂದ ಬದುಕಿತು. ತರಿಸುವಾಗ ಒಣಗಿಸಿದ್ದನ್ನೇ ಕೇಳಿ.

ಆಮೇಲೆ ರಾಸಾಯನಿಕ ಪರೀಕ್ಷೆಗಳು. ಕೊಬ್ಬಿನಾಮ್ಲ, ಕ್ವಿನೋನ್, ಮೈಕೋಲಿಕ್ ಆಮ್ಲ. ಈ ಕುಲದ ಬಹುತೇಕ ಎಲ್ಲದರ ಗೋಡೆಯಲ್ಲೂ ಮೈಕೋಲಿಕ್ ಆಮ್ಲ ಇರುತ್ತದೆ. ನಮ್ಮದರಲ್ಲಿ ಬರಲೇ ಇಲ್ಲ. ಎರಡು ಸಲ ಮಾಡಿಸಿದೆ, ಎರಡು ಸಲವೂ ದುಡ್ಡು ಕೊಟ್ಟೆ. ಆಮೇಲೆ ಹಳೆಯ ಪೇಪರ್ ಓದಿದರೆ ಕ್ರೋಪೆನ್‌ಸ್ಟೆಟಿಯಲ್ಲೂ ಅದು ಇಲ್ಲ! 1998ರಲ್ಲೇ ಬರೆದಿಟ್ಟಿದ್ದಾರೆ. ಮೊದಲು ಓದಿ, ಆಮೇಲೆ ಗಾಬರಿಯಾಗಿ.

ಈ ಮಧ್ಯೆ ಖುಷಿಯ ಕೆಲಸ ಒಂದೇ, ಹೆಸರು ಯೋಚಿಸುವುದು. ಲ್ಯಾಟಿನ್ ವ್ಯಾಕರಣ ಬೇಕು. ಬ್ಯಾಕ್ಟೀರಿಯಂ ನಪುಂಸಕ ಲಿಂಗ, ಹಾಗಾಗಿ ಊರ ಹೆಸರು ಸೇರಿಸಿದರೆ ಕೊನೆಗೆ "ಎನ್ಸೆ" ಬರಬೇಕು, "ಎನ್ಸಿಸ್" ಅಲ್ಲ. ನೋಟ್‌ಬುಕ್ಕಿನಲ್ಲಿ ದಾವಣಗೆರೆನ್ಸೆ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ನಮ್ಮ ಬೆಂಗಳೂರಿನ ಇಸ್ರೋಗೂ ಇಂಥ ಗೌರವ ಸಿಕ್ಕಿದೆ. 2009ರಲ್ಲಿ ಆಕಾಶದ ಮೇಲ್ಪದರದ ಗಾಳಿಯಲ್ಲಿ ಸಿಕ್ಕ ಒಂದಕ್ಕೆ ಬ್ಯಾಸಿಲಸ್ ಇಸ್ರೋನೆನ್ಸಿಸ್ ಅಂತ ಹೆಸರಿಟ್ಟರು. ಆಮೇಲೆ ಅದನ್ನು ಸೋಲಿಬ್ಯಾಸಿಲಸ್ ಕುಲಕ್ಕೆ ಸಾಗಿಸಿದರು. ಅಂದರೆ ಇಟ್ಟ ಮೇಲೂ ಹೆಸರು ಪೂರ್ತಿ ನಿಮ್ಮ ಕೈಯಲ್ಲಿರುವುದಿಲ್ಲ.

2022. ಹೊರದೇಶದ ಕಲೆಕ್ಷನ್‌ನಲ್ಲಿ ನಮ್ಮ ತಳಿ ಇಡಲು ಕಾಗದ ಓಡಾಡುತ್ತಿದ್ದವು. ಪೇಪರಿನ ಕರಡು ಮುಗಿಸಿ, ಕೊನೆಯ ಸಲ ಏನಾದರೂ ಹೊಸದು ಬಂದಿದೆಯಾ ಅಂತ ಸುಮ್ನೆ ಹುಡುಕಿದೆ. ಬಂದಿತ್ತು. ಚೀನಾದವರು ಮ್ಯಾಸ್ಟೈಟಿಸ್ ರೋಗಿಗಳಿಂದ ಕ್ರೋಪೆನ್‌ಸ್ಟೆಟಿಯ ಹಾಗೆ ಕಾಣುವ 27 ಐಸೊಲೇಟ್ ತೆಗೆದು, ಅದರಲ್ಲಿ ಎರಡು ಹೊಸ ಪ್ರಭೇದ ಹೆಸರಿಸಿದ್ದರು. ಪ್ಯಾರಾಕ್ರೋಪೆನ್‌ಸ್ಟೆಟಿ ಮತ್ತು ಸ್ಯೂಡೋಕ್ರೋಪೆನ್‌ಸ್ಟೆಟಿ.

ಅವರ ಜೀನೋಮ್ ಇಳಿಸಿಕೊಂಡು ನಮ್ಮ ಮೂರರ ಜೊತೆ ಎಎನ್‌ಐ ಓಡಿಸಿದೆ. ನಿಮಿಷದ ಕೆಲಸ. ಪ್ಯಾರಾಕ್ರೋಪೆನ್‌ಸ್ಟೆಟಿ ಜೊತೆ ಮೂರೂ 98ರ ಮೇಲೆ. ನಮ್ಮದೂ ಅದೇ. ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಕೂತಿದ್ದೆ. ಅಣ್ಣ ಟೀ ತಂದಿಟ್ಟು ಏನೂ ಕೇಳದೆ ಹೋದರು. ಮುಖದಲ್ಲೇ ಗೊತ್ತಾಗಿರಬೇಕು.

ಹಿರಿಯರೊಬ್ಬರು ಫೋನಿನಲ್ಲಿ ಒಂದು ಉಪಾಯ ಹೇಳಿದರು. ಚೀನಾದವರ ಪೇಪರ್ ಬಂದಿರುವುದು ಬೇರೆ ಪತ್ರಿಕೆಯಲ್ಲಿ. ಹೆಸರು ಅಧಿಕೃತವಾಗಬೇಕಾದರೆ ಐಜೆಎಸ್‌ಇಎಂ ಅನ್ನುವ ಪತ್ರಿಕೆಯಲ್ಲೇ ಬರಬೇಕು, ಇಲ್ಲವೇ ಆ ಪತ್ರಿಕೆಯ ವ್ಯಾಲಿಡೇಷನ್ ಪಟ್ಟಿಗೆ ಸೇರಬೇಕು. ಯಾರದು ಮೊದಲು ಅನ್ನುವ ಲೆಕ್ಕ ಶುರುವಾಗುವುದು ಆ ದಿನದಿಂದ. "ಅವರಿನ್ನೂ ಪಟ್ಟಿಗೆ ಬಂದಿರಲ್ಲ, ನೀವು ಬೇಗ ಕಳಿಸಿ" ಅಂದರು. ನಿಯಮದಲ್ಲಿ ಅವರ ಮಾತು ಸರಿ. ಒಂದು ರಾತ್ರಿ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಚೀನಾದವರದ್ದು 27, ನಮ್ಮದು ಮೂರು. ಅವರ ಪೇಪರ್ ಓದಿದ ಮೇಲೆ ಓದಿಲ್ಲ ಅನ್ನುವ ಮುಖ ಹೊತ್ತು ಹೆಸರಿಡುವುದು ನನ್ನಿಂದ ಆಗದು. ಹೆಸರಿಗೆ ಓಡುತ್ತಿರುವವರು ಮಾತ್ರ ಈ ನಿಯಮ ತಿಳಿದಿರಿ. ಬೇರೆ ಪತ್ರಿಕೆಯಲ್ಲಿ ಪ್ರಕಟಿಸಿದರೆ ಪಟ್ಟಿಗೆ ಸೇರಿಸಿ ಅಂತ ನೀವೇ ಕೇಳಿಕೊಳ್ಳಬೇಕು, ತಾನಾಗಿ ಆಗುವುದಿಲ್ಲ.

ಕರಡಿನ ಮುಕ್ಕಾಲು ಭಾಗ ಕತ್ತರಿಸಿದೆ. ಮೂವರು ರೋಗಿಗಳು, ಟಿಬಿ ಅಂತ ತಪ್ಪಾಗಿದ್ದು, ಯಾವ ಪ್ಲೇಟಿನಲ್ಲಿ ಎಷ್ಟು ದಿನಕ್ಕೆ ಬೆಳೆಯಿತು, ಯಾವ ಔಷಧಿಗೆ ಬಗ್ಗಿತು, ಇಷ್ಟೇ ಉಳಿಯಿತು. ಎರಡು ಪತ್ರಿಕೆ ವಾಪಸ್ ಕಳಿಸಿದವು, ಮೂರನೆಯದು ಕಳೆದ ತಿಂಗಳು ಒಪ್ಪಿತು. ಒಟ್ಟು ಖರ್ಚು ಒಂದೂಕಾಲು ಲಕ್ಷದ ಆಸುಪಾಸು, ಅದರಲ್ಲಿ ನನ್ನ ಕೈಯದ್ದು 50,000. ಸ್ತನದ ಪಸ್ ಬಂದರೆ ಈಗ ನಮ್ಮಲ್ಲಿ ಟ್ವೀನ್ ಪ್ಲೇಟೂ ಹಾಕುತ್ತಾರೆ, ಏಳು ದಿನ ಇಡುತ್ತಾರೆ. ಹಬ್ಬ ಇರಲಿ ಬಿಡಲಿ.

ಮೊನ್ನೆ ನಾಲ್ಕನೆಯದು ಬಂತು. ರಿಪೋರ್ಟಿನಲ್ಲಿ ಮೊದಲ ಸಲ ಪೂರ್ತಿ ಹೆಸರು ಟೈಪ್ ಮಾಡಿದೆ. ನಮ್ಮ ಸಾಫ್ಟ್‌ವೇರಿನ ಆ ಕಾಲಂನಲ್ಲಿ ಅಷ್ಟು ಉದ್ದದ ಹೆಸರು ಹಿಡಿಯುವುದಿಲ್ಲ, ಅರ್ಧಕ್ಕೇ ಕತ್ತರಿಸಿ ಪ್ರಿಂಟ್ ಮಾಡಿತು. ಸಂಜೆ ಸರ್ಜನ್ ಫೋನ್ ಮಾಡಿದರು.

"ಮೇಡಂ, ಈ ಪ್ಯಾರಾಕ್ರೋಪೆನ್ ಎಷ್ಟು ಎಂಜಿ ಕೊಡ್ಬೇಕ್ರಿ?"